ಹೊಸಲು ದಾಟದ ಸಮಾನತೆ
(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಆಡಿದ ಮಾತು)

ನೀವು ಮಾತಾಡಲು ಕರೆದಾಗ ಯಾವ ವಿಷಯ ಅಂತ ಕೇಳಿದೆವು. 'ಸಮಾನತೆ' ಅಂದಿರಿ. ಆ ವಾರ ಊರಿಗೆ ಹೋದಾಗ ಒಲೆ ಮುಂದೆ ಕೂತಿದ್ದ ಅವ್ವನಿಗೆ ಇದನ್ನೇ ಹೇಳಿದೆವು. ಅವ್ವ ಊದುಗೊಳವೆ ಕೆಳಗಿಟ್ಟು 'ಅಂಗಂದ್ರೇನ್ ಮಗ?' ಅಂದಳು. ನಮಗೆ ತಿಳಿದಷ್ಟು ಹೇಳಿದೆವು. ಕೆರೆ ನೀರು, ದೇವಸ್ಥಾನದ ಬಾಗಿಲು, ಹೋಟೆಲಿನ ಬೇರೆ ಲೋಟ, ಭೂಮಿ, ಮೀಸಲಾತಿ. ಎಲ್ಲ ಕೇಳಿಸಿಕೊಂಡು ಅವ್ವ ಆಡಿದ್ದು ಇಷ್ಟೇ:

'ಗೌಡ್ರ ಹಿತ್ಲಲ್ಲಿ ಕೂಲಿ ಮಾಡ್ದಾಗ ಅವ್ರು ಉಂಡು ಮಿಕ್ಕಿದ್ದ ಮೇಲಿಂದ ಹಾಕೋರು. ಮನೆಗ್ ಬಂದ್ರೆ ನಿಮ್ಮಪ್ಪ ಉಂಡು, ನೀವು ಉಂಡು, ಮಿಕ್ಕಿದ್ದ ನಾನೂ ನಿನ್ ತಂಗೀನೂ ಉಣ್ತಿದ್ದೊ. ಅಲ್ಲೂ ಮಿಕ್ಕಿದ್ದೆ, ಇಲ್ಲೂ ಮಿಕ್ಕಿದ್ದೆ. ನಿಮ್ ಸಮಾನತೆ ನಮ್ಮನೆ ಹೊಸ್ಲು ದಾಟ್ತದೇನಪ್ಪ?'

ಗೆಳೆಯರೆ, ಬಿ.ಎ. ಮಾಡಿದ ನಮಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ.

ನಾವು ಪದ್ಯ ಬರೆಯುವವರು. ಅವ್ವನ ಮೇಲೆ ಬರೆಯದ ಕವಿ ನಮ್ಮಲ್ಲಿ ಇಲ್ಲ. ಅವಳ ಹರಿದ ಸೀರೆ, ಒಡೆದ ಹಿಮ್ಮಡಿ, ಬತ್ತಿದ ಕಣ್ಣು ಎಲ್ಲವನ್ನೂ ಬರೆದು ಚಪ್ಪಾಳೆ ತಗೊಂಡಿದ್ದೇವೆ. ಆದರೆ ಉಂಡ ತಟ್ಟೆ ತೊಳೆದಿಟ್ಟವರು ಎಷ್ಟು ಜನ? ಡಿಗ್ರಿ ಓದುವಾಗ ಒಂದು ದಿನ ಅವ್ವ ಹುರಿಹಿಟ್ಟಿನ ಗಂಟು ಹೊತ್ತುಕೊಂಡು ಸೀದಾ ಕಾಲೇಜು ಗೇಟಿಗೆ ಬಂದುಬಿಟ್ಟಳು. ಬರಿಗಾಲು, ಮೈಯೆಲ್ಲ ಬಸ್ಸಿನ ಧೂಳು. ಜೊತೆಗಿದ್ದ ಪೇಟೆ ಹುಡುಗರು 'ಯಾರೋ ಅದು?' ಅಂದರು. 'ಊರಿನವರು' ಅಂದೆವು. ಅವ್ವನಿಗೆ ಕೇಳಿಸಿತು. ಅವಳು ಏನೂ ಅನ್ನಲಿಲ್ಲ. ಗಂಟು ಕೊಟ್ಟು, 'ಬತ್ತೀನಿ ಕಣಪ್ಪ' ಅಂತ ತಿರುಗಿ ಹೋದಳು. ಮೇಲು ಜಾತಿಯವರು ನಮ್ಮನ್ನು ದೂರ ನಿಲ್ಲಿಸಿದ್ದನ್ನು ಸಾವಿರ ಸಲ ಹೇಳುತ್ತೇವೆ. ಅವತ್ತು ಅವ್ವನನ್ನು ದೂರ ನಿಲ್ಲಿಸಿದವರು ನಾವೇ.

ತಂಗಿಯ ಕತೆಯೂ ಇದೆ. ಅವಳು ನಮಗಿಂತ ಚುರುಕು. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಹೈಸ್ಕೂಲು ಪಕ್ಕದೂರಲ್ಲಿ, ನಡುವೆ ಗೌಡರ ತೋಟ, ಒಂಟಿ ಹುಡುಗಿ ಹೆಂಗೆ ಹೋದಾಳು ಅಂದರು. ಅವಳ ಕಳೆ ಕೀಳುವ ಕೂಲಿ ನಮ್ಮ ಪರೀಕ್ಷೆ ಫೀಸಾಯಿತು. ಅವ್ವ ಹೇಳುತ್ತಾಳೆ: 'ಆಗ ನಾನೇ ಬಿಡಿಸ್ದೆ ಕಣ್ಮಗ. ಗಂಡು ಓದಿದ್ರೆ ಮನೆ ಎತ್ತಾನೆ ಅಂದ್ಕೊಂಡೆ. ಈಗ ಅವ್ಳು ನಿನ್ ಪುಸ್ತಕ ಒರೆಸಿ ಇಡೋದ ನೋಡಿದ್ರೆ ಹೊಟ್ಟೆ ಉರೀತದೆ.' ಅವ್ವನನ್ನು ದೇವತೆ ಮಾಡಬೇಡಿ. ಅವಳೂ ತಪ್ಪು ಮಾಡಿದಳು. ಆ ತಪ್ಪಿನ ಲಾಭ ಉಂಡವರು ನಾವು.

ಬಾಬಾಸಾಹೇಬರ ಫೋಟೋ ನಿಮ್ಮ ಹಾಸ್ಟೆಲ್ ಗೋಡೆ ಮೇಲಿದೆ. ಅವರು ಸಣ್ಣವರಿದ್ದಾಗಲೇ ತಾಯಿ ಭೀಮಾಬಾಯಿ ತೀರಿಕೊಂಡರು, ಸೋದರತ್ತೆ ಸಾಕಿದರು. ಅವರು ಪರದೇಶದಲ್ಲಿ ಓದುವಾಗ ಮನೆಯ ಬಡತನವನ್ನೆಲ್ಲ ರಮಾಬಾಯಿ ಹೊತ್ತರು. ಹೆತ್ತ ಮಕ್ಕಳಲ್ಲಿ ಉಳಿದದ್ದು ಒಂದೇ. ರಮಾಬಾಯಿ 1935ರಲ್ಲಿ ತೀರಿಕೊಂಡರು. ಆ ಋಣವನ್ನು ಬಾಬಾಸಾಹೇಬರು ಮರೆಯಲಿಲ್ಲ. 1927ರಲ್ಲಿ ಮಹಾಡ್‌ನಲ್ಲಿ ಹೆಂಗಸರನ್ನೇ ಕೂರಿಸಿ ಮಾತಾಡಿದರು. ಹೆಣ್ಣುಮಕ್ಕಳನ್ನೂ ಓದಿಸಿ, ಗಂಡನೋ ಮಗನೋ ಕುಡಿದು ಬಂದರೆ ಅನ್ನ ಇಕ್ಕಬೇಡಿ ಅಂದರು. 1942ರಲ್ಲಿ ನಾಗಪುರದ ದಲಿತ ಮಹಿಳೆಯರ ಸಮ್ಮೇಳನದಲ್ಲಿ, ಒಂದು ಸಮುದಾಯದ ಏಳಿಗೆಯನ್ನು ಅದರ ಹೆಂಗಸರ ಏಳಿಗೆಯಿಂದ ಅಳೆಯುತ್ತೇನೆ ಅಂದರು. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ಮೂಲೆಗೆ ಬಿದ್ದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಫೋಟೋಗೆ ಹಾರ ಹಾಕುವ ನಾವು ಏನು ಬಿಟ್ಟಿದ್ದೇವೆ?

ಕುಡಿತದ ಮಾತು ಬಂತು. ಹೆಂಗಸರು ಹಳ್ಳಿ ಹಳ್ಳಿಯಲ್ಲಿ ಬೀದಿಗೆ ಬಂದರು, 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅವ್ವ ಅನ್ನುತ್ತಾಳೆ: 'ಪ್ಯಾಕೀಟು ಹೋಯ್ತು, ಬಾಟ್ಲಿ ಬಂತು. ಏಟು ಮಾತ್ರ ಅದೇ.' ಸಭೆಯಲ್ಲಿ ಕ್ರಾಂತಿ ಹಾಡು ಹಾಡಿ ರಾತ್ರಿ ಬಾಟ್ಲಿ ಹಿಡಿಯುವವರು ನಮ್ಮಲ್ಲಿಲ್ಲವೇ?

ಇನ್ನು ವರದಕ್ಷಿಣೆ. 1961ರಲ್ಲೇ ಕಾನೂನು ಬಂದಿದೆ. ಆದರೂ ನಮ್ಮವನಿಗೆ ಒಂದು ಕ್ಲಾರ್ಕ್ ಕೆಲಸ ಸಿಕ್ಕರೆ ಸಾಕು, ಕೇರಿಯಲ್ಲಿ ಅವನಿಗೆ ರೇಟು ಕಟ್ಟುತ್ತಾರೆ. ಗೌಡರಿಂದ ಕಲಿಯಲು ನಮಗೆ ಇದೇ ಸಿಕ್ಕಿತೆ? 'ನಾವು ತಗೊಳ್ಳಲ್ಲ' ಅಂತ ಅವ್ವನಿಗೆ ಹೇಳಿದೆವು. ಅವ್ವ ಕೇಳಿದಳು: 'ಸರಿ ಕಣಪ್ಪ. ನಿನ್ ತಂಗಿಗೆ ಕೇಳ್ತಾರಲ್ಲ, ಅದ ಎಲ್ಲಿಂದ ತರನ?' ಇದೂ ನಮ್ಮನ್ನು ಮೂಕರನ್ನಾಗಿಸಿತು. ಒಬ್ಬ ಒಳ್ಳೆಯವನಾದರೆ ಸಾಲದು ಅಂತ ಅವತ್ತು ತಿಳಿಯಿತು. ಹಾಸ್ಟೆಲಿನ ಅಷ್ಟೂ ಜನ ಒಟ್ಟಿಗೆ 'ತಗೊಳ್ಳಲ್ಲ' ಅಂದರೆ ಮಾತ್ರ ಅವ್ವನ ಪ್ರಶ್ನೆಗೆ ಉತ್ತರ. ಸಂಘ ಇರುವುದು ಇದಕ್ಕೆ.

ಹೊರಗಿನ ಹೋರಾಟ ಬಿಡಿ ಅಂತ ನಾವು ಹೇಳುತ್ತಿಲ್ಲ. ಜಾತಿ ಸಾಯದೆ ಅವ್ವನ ಕೂಲಿ ಕಷ್ಟ ತೀರುವುದಿಲ್ಲ, ತಂಗಿ ತೋಟದ ದಾರಿಯಲ್ಲಿ ಭಯವಿಲ್ಲದೆ ನಡೆಯುವುದಿಲ್ಲ. ಆದರೆ ಮನೆಯೊಳಗೆ ಗೌಡರಾಗಿ ಬೀದಿಯಲ್ಲಿ ದಲಿತರಾಗಿ ಎಷ್ಟು ದಿನ ಹೋರಾಡುತ್ತೇವೆ?

ಈ ಸಭೆಯನ್ನೇ ನೋಡಿ. ಹೆಣ್ಣುಮಕ್ಕಳು ಹಿಂದಿನ ಸಾಲಲ್ಲಿ ಮೂವರೇ ಕೂತಿದ್ದಾರೆ. ಮುಂದಿನ ಸಭೆಗೆ ಹುಡುಗಿಯರ ಹಾಸ್ಟೆಲಿಗೂ ಹೋಗಿ ಕರೆಯಿರಿ, ಮೈಕು ಅವರ ಕೈಗೆ ಕೊಡಿ. ರಜಕ್ಕೆ ಊರಿಗೆ ಹೋದಾಗ ತಂಗಿ ಸ್ಕೂಲಿಗೆ ಹೋಗುತ್ತಿದ್ದಾಳೋ ಇಲ್ಲವೋ ಕೇಳಿ, ಬಿಟ್ಟಿದ್ದರೆ ಮತ್ತೆ ಸೇರಿಸಿ ಬನ್ನಿ. 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ದೇಶಕ್ಕೆಲ್ಲ ಬಂದ ತಿದ್ದುಪಡಿಯಂತೆ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಇದೆ. ಇರುವುದು ಒಂದು ಗುಂಟೆಯಾದರೂ ಪಾಲು ಪಾಲೇ.

ಕೊನೆಯದಾಗಿ, ನಿಮ್ಮ ಅವ್ವ ಗೇಟಿಗೆ ಬಂದರೆ ಗಂಟು ಇಸ್ಕೊಂಡು ಒಳಗೆ ಕರ್ಕೊಂಡು ಬನ್ನಿ. ಯಾರು ಅಂತ ಕೇಳಿದರೆ 'ನಮ್ಮವ್ವ' ಅನ್ನಿ. ಅವತ್ತು ನಮ್ಮ ಬಾಯಲ್ಲಿ ಬರದೇ ಹೋದ ಮಾತು ಅದು.

ಜೈ ಭೀಮ್.