ಹದಿನೆಂಟು ಅಂಗುಲದ ಸ್ಟೋನ್‌ಹೆಂಜ್

(ಸಂಘದ ಚಲನಚಿತ್ರ ಪ್ರದರ್ಶನದ ಮರುವಾರ ನಡೆದ ಸಂವಾದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಳೆದ ಭಾನುವಾರ ನಮ್ಮ ಸಂಘದ ಯುವಕ ಯುವತಿಯರು ಹಟ ಹಿಡಿದು ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಇಂಗ್ಲಿಷ್ ಚಿತ್ರವನ್ನು ತೋರಿಸಿದರು. ಅದರ ಬಗ್ಗೆ ಮಾತನಾಡುವ ಹೊಣೆಯನ್ನು ನನಗೆ ವಹಿಸಿದ್ದು ತಮಾಷೆಗೋ ಅಥವಾ ಶಿಕ್ಷೆಗೋ ನಾನರಿಯೆ. ಹೆವಿ ಮೆಟಲ್ ಎಂಬ ಸಂಗೀತದ ವಿಷಯದಲ್ಲಿ ನನ್ನ ತಿಳಿವಳಿಕೆ, ನೆರೆಮನೆಯವರಿಂದ ಬರುವ ದೂರುಗಳನ್ನು ಮೀರಿದ್ದಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಸಾವಿರಾರು ತರುಣರು ಅಲ್ಲಿ ನೆರೆದರೆಂದು ಓದಿ, ಕಾಲ ಕೆಟ್ಟಿತೆಂದು ನಿಟ್ಟುಸಿರು ಬಿಟ್ಟವರ ಪೈಕಿ ನಾನೂ ಒಬ್ಬ. ಹೀಗಿದ್ದೂ ಈ ಚಿತ್ರ ನನ್ನನ್ನು ನಗಿಸಿತು. ನಕ್ಕು ಮುಗಿದ ಮೇಲೆ ನಿದ್ದೆಗೆಡಿಸಿತು. ಎರಡರ ಕಾರಣವನ್ನೂ ತಮ್ಮ ಮುಂದಿಡಲು ಅನುಮತಿ ಬೇಡುತ್ತೇನೆ.

ಚಿತ್ರ ತೆರೆಕಂಡದ್ದು 1984ರಲ್ಲಿ. ರಾಬ್ ರೀನರ್ ನಿರ್ದೇಶಿಸಿದ ಮೊದಲ ಕಥಾಚಿತ್ರವಿದು. 2025ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸ್ಪೈನಲ್ ಟ್ಯಾಪ್ ಎಂಬ ಇಂಗ್ಲೆಂಡಿನ ಒಂದು ವಾದ್ಯವೃಂದ ತನ್ನ ಹೊಸ ಧ್ವನಿಮುದ್ರಿಕೆಯ ಪ್ರಚಾರಕ್ಕಾಗಿ ಅಮೆರಿಕದಾದ್ಯಂತ ಪ್ರವಾಸ ಹೊರಟಿದೆ. ಮಾರ್ಟಿ ಡಿಬರ್ಗಿ ಎಂಬ ನಿರ್ದೇಶಕ ಕ್ಯಾಮೆರಾ ಹಿಡಿದು ಬೆನ್ನು ಹತ್ತಿದ್ದಾನೆ. ವಾಸ್ತವವಾಗಿ ಅಂಥ ವಾದ್ಯವೃಂದ ಇರಲೇ ಇಲ್ಲ. ಡಿಬರ್ಗಿಯ ಪಾತ್ರದಲ್ಲಿರುವವರು ಸ್ವತಃ ರೀನರ್. ಹಾಡುಗಾರರು ಮೈಕೆಲ್ ಮೆಕೀನ್, ಕ್ರಿಸ್ಟೋಫರ್ ಗೆಸ್ಟ್ ಮತ್ತು ಹ್ಯಾರಿ ಶಿಯರರ್ ಎಂಬ ಮೂವರು ಅಮೆರಿಕನ್ ನಟರು. ಮಾತುಗಳಲ್ಲಿ ಬಹುಪಾಲನ್ನು ಕ್ಯಾಮೆರಾದ ಮುಂದೆಯೇ ಹುಟ್ಟಿಸಿಕೊಂಡರು. ಹಾಡುಗಳನ್ನು ತಾವೇ ರಚಿಸಿ, ತಾವೇ ನುಡಿಸಿದರು. ಇದನ್ನು ನಾವು ಅಣಕು ಸಾಕ್ಷ್ಯಚಿತ್ರ ಎನ್ನಬಹುದು.

ಸಾಕ್ಷ್ಯಚಿತ್ರವನ್ನು ಏಕೆ ಅಣಕಿಸಬೇಕು ಎಂಬ ಪ್ರಶ್ನೆ ಸಹಜ. ನನ್ನ ತಲೆಮಾರಿನವರು ಬಾಲ್ಯದಲ್ಲಿ ಚಿತ್ರಮಂದಿರಕ್ಕೆ ಹೋದಾಗ, ಮುಖ್ಯ ಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರವನ್ನು ನೋಡಲೇಬೇಕಾಗಿತ್ತು. 1948ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಅಣೆಕಟ್ಟು, ಉದ್ಘಾಟನೆ, ನೆರೆ ಪರಿಹಾರ ಎಲ್ಲಕ್ಕೂ ಅಲ್ಲಿದ್ದುದು ಒಂದೇ ಗಂಭೀರ ಧ್ವನಿ. ಆ ಧ್ವನಿ ಹೇಳಿದ್ದು ಸತ್ಯವೆಂದೇ ನಾವು ಬೆಳೆದೆವು. ಆ ಚಿತ್ರಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಸರ್ಕಾರದ ಅನ್ನ ಉಣ್ಣುವವನು ಹಾಗೆ ಹೇಳಬಾರದು, ಹೇಳಿದರೆ ಅದು ನಿಜವೂ ಆಗದು. ಆದರೆ ಒಂದು ಸಂಗತಿಯನ್ನು ನಂಬಿಸುವುದರಲ್ಲಿ ಅದರ ಸತ್ಯಕ್ಕಿಂತ ಅದನ್ನು ಹೇಳುವ ರೀತಿಯ ಕೈವಾಡವೇ ಹೆಚ್ಚಿರಬಹುದು. ಅಲುಗುವ ಕ್ಯಾಮೆರಾ, ಎದುರು ಕೂರಿಸಿ ಕೇಳುವ ಪ್ರಶ್ನೆ, ಹಳೆಯ ತುಣುಕುಗಳು ಇವಿಷ್ಟಿದ್ದರೆ ಸಾಕು, ಇಲ್ಲದ ವಾದ್ಯವೃಂದವೂ ಇದ್ದಂತಾಗುತ್ತದೆ. ಚಿತ್ರ ಬಂದ ಹೊಸತರಲ್ಲಿ, ಯಾರೂ ಕೇಳರಿಯದ ಇವರ ಮೇಲೆ ಚಿತ್ರವನ್ನೇಕೆ ಮಾಡಿದಿರಿ ಎಂದು ಪ್ರೇಕ್ಷಕರು ತಮ್ಮನ್ನು ಕೇಳಿದ್ದುಂಟೆಂದು ರೀನರ್ ಹೇಳಿಕೊಂಡಿದ್ದಾರೆ.

ಪ್ರವಾಸದ ಕಥೆ ಸರಳ. ಮುದ್ರಿಕೆಯ ಹೊದಿಕೆಯ ಚಿತ್ರ ಅಸಭ್ಯವೆಂದು ತಕರಾರು ಬಂದು, ಕೊನೆಗೆ ಏನೂ ಇಲ್ಲದ ಕಪ್ಪು ಹೊದಿಕೆಯಲ್ಲಿ ಅದು ಹೊರಬೀಳುತ್ತದೆ. ಕಾರ್ಯಕ್ರಮಗಳು ಒಂದೊಂದಾಗಿ ರದ್ದಾಗುತ್ತವೆ. ಅಂಗಡಿಯೊಂದರಲ್ಲಿ ಅಭಿಮಾನಿಗಳಿಗೆ ಸಹಿ ಹಾಕಿಕೊಡಲು ಕುಳಿತರೆ ಸಹಿ ಕೇಳುವವರಿಲ್ಲ. ಕ್ಲೀವ್‌ಲ್ಯಾಂಡ್ ನಗರದಲ್ಲಿ ರಂಗದ ಹಿಂದಿನ ಓಣಿಗಳಲ್ಲಿ ದಾರಿ ತಪ್ಪಿ, ಜನರ ಕೂಗು ಕೇಳುತ್ತಿದ್ದರೂ ರಂಗವನ್ನು ಸೇರಲಾಗದೆ ಸುತ್ತುತ್ತಾರೆ. ವಾಯುಪಡೆಯ ನೆಲೆಯ ನೃತ್ಯಕೂಟದಲ್ಲಿ ಗಿಟಾರಿನ ನಿಸ್ತಂತು ಸಾಧನ ವಿಮಾನಗಳ ಸಂದೇಶವನ್ನು ಹಿಡಿದು ಬಿತ್ತರಿಸುತ್ತದೆ. ಕಡೆಗೆ ಒಂದು ವಿನೋದವನದ ಫಲಕದಲ್ಲಿ ಗೊಂಬೆಯಾಟದ ಹೆಸರು ಮೊದಲು, ಇವರ ಹೆಸರು ನಂತರ.

ತಮ್ಮ ಆಂಪ್ಲಿಫೈಯರ್ ಎಲ್ಲರದಕ್ಕಿಂತ ಮೇಲು, ಅದರ ಗುಂಡಿಗಳಲ್ಲಿ ಹತ್ತರ ಬದಲು ಹನ್ನೊಂದರವರೆಗೆ ಅಂಕಿಗಳಿವೆ ಎಂದು ಗಿಟಾರ್ ವಾದಕ ನೈಜೆಲ್ ಹೆಮ್ಮೆಯಿಂದ ತೋರಿಸುತ್ತಾನೆ. ಹತ್ತನ್ನೇ ಇನ್ನಷ್ಟು ಜೋರಾಗಿಸಬಹುದಲ್ಲ ಎಂದು ಡಿಬರ್ಗಿ ಕೇಳಿದಾಗ, ಅವನು ಕ್ಷಣಕಾಲ ಮೌನವಾಗಿ, ಮತ್ತೆ ಹನ್ನೊಂದನ್ನೇ ತೋರಿಸುತ್ತಾನೆ. ಬಂಧುಗಳೇ, ನಾನು ಮೂವತ್ತು ವರ್ಷ ಕಡತಗಳ ನಡುವೆ ಕಳೆದವನು. ಪ್ರಗತಿಯನ್ನು ಹೆಚ್ಚಿಸುವ ಬದಲು ಪ್ರಗತಿಯ ಅಳತೆಗೋಲನ್ನು ಹಿಗ್ಗಿಸುವ ಕಲೆ ಸಂಗೀತಗಾರರಿಗೆ ಮಾತ್ರ ಒಲಿದದ್ದಲ್ಲ.

ಇನ್ನು ಸ್ಟೋನ್‌ಹೆಂಜ್ ಪ್ರಸಂಗ. ಇಂಗ್ಲೆಂಡಿನ ಆ ಪ್ರಾಚೀನ ಶಿಲಾಸ್ಮಾರಕದ ದೊಡ್ಡ ಪ್ರತಿಕೃತಿಯನ್ನು ರಂಗದ ಮೇಲೆ ಇಳಿಸಬೇಕೆಂದು ನೈಜೆಲ್ ಕಾಗದದ ಕರವಸ್ತ್ರದ ಮೇಲೆ ನಕ್ಷೆ ಬರೆದುಕೊಡುತ್ತಾನೆ. ಹದಿನೆಂಟು ಅಡಿ ಎಂದು ಗುರುತು ಹಾಕುವ ಕಡೆ ಹದಿನೆಂಟು ಅಂಗುಲ ಎಂದು ಹಾಕುತ್ತಾನೆ. ವ್ಯವಸ್ಥಾಪಕ ಅದನ್ನು ಹಾಗೆಯೇ ದಾಟಿಸುತ್ತಾನೆ. ತಯಾರಿಸಿದವಳು ಹಾಗೆಯೇ ತಯಾರಿಸುತ್ತಾಳೆ. ಹಾಡು ಗಂಭೀರವಾಗಿ ಏರುತ್ತಿರುವಾಗ ಮೇಲಿನಿಂದ ಇಳಿದು ಬರುವುದು ಮೊಣಕಾಲೆತ್ತರವನ್ನೂ ಮುಟ್ಟದ ಕಲ್ಲು! ಅದರ ಸುತ್ತ ಕುಣಿಯಲು ಕರೆಸಿದ ಕುಬ್ಜ ನಟರೇ ಅದಕ್ಕಿಂತ ಎತ್ತರ. ಆನಂತರದ ಜಗಳದಲ್ಲಿ ವ್ಯವಸ್ಥಾಪಕ ಬಿಟ್ಟುಹೋಗುತ್ತಾನೆ.

ಸಭೆ ಇಲ್ಲಿ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ನನ್ನ ಸೇವೆಯ ಆರಂಭದ ಒಂದು ಕಚೇರಿ ನೆನಪಾಯಿತು. ಅಲ್ಲಿ ಕಿಟಕಿಗಳಿಗೆ ಪರದೆ ಹೊಲಿಸುವ ಕಡತ ಎರಡು ವರ್ಷ ಓಡಾಡಿತು. ಪರದೆಗಳು ಬಂದಾಗ ಕಚೇರಿಯೇ ಹೊಸ ಕಟ್ಟಡಕ್ಕೆ ಹೋಗಿತ್ತು. ಹೊಸ ಕಿಟಕಿಗಳಿಗೆ ಅವು ಒಂದು ಮೊಳ ಗಿಡ್ಡ. ತನಿಖೆಯಾಯಿತು. ಅಳತೆ ತೆಗೆದವನು ಸರಿ, ಮಂಜೂರು ಮಾಡಿದವನು ಸರಿ, ಹೊಲಿದವನು ಸರಿ. ಕಾಗದದ ಮೇಲೆ ಒಬ್ಬನೂ ತಪ್ಪಿತಸ್ಥನಲ್ಲ. ಬಿಸಿಲು ಮಾತ್ರ ಮೇಜಿನ ಮೇಲೆ ಬೀಳುತ್ತಿತ್ತು.

ಬದುಕು ಈ ಅಣಕವನ್ನೂ ಮೀರಿಸುತ್ತದೆ. ಚಿತ್ರ ಬಿಡುಗಡೆಯಾಗುವ ಮುನ್ನವೇ, 1983ರಲ್ಲಿ ಬ್ಲ್ಯಾಕ್ ಸಬಾತ್ ಎಂಬ ಪ್ರಸಿದ್ಧ ವಾದ್ಯವೃಂದ ತನ್ನ ಪ್ರವಾಸಕ್ಕೆ ನಿಜವಾಗಿಯೂ ಸ್ಟೋನ್‌ಹೆಂಜ್ ಮಾಡಿಸಿತ್ತು. ಅಲ್ಲಿ ಅಡಿಯ ಬದಲು ಮೀಟರ್ ಎಂದಾಗಿ, ಅದು ರಂಗಗಳಲ್ಲಿ ಹಿಡಿಸದಷ್ಟು ದೊಡ್ಡದಾಯಿತೆಂದು ಆ ವೃಂದದವರೇ ಹೇಳಿಕೊಂಡಿದ್ದಾರೆ. ಇನ್ನು 2008ರಲ್ಲಿ ಬಂದ ‘ಆನ್ವಿಲ್’ ಕುರಿತ ಸಾಕ್ಷ್ಯಚಿತ್ರ ಅಣಕವಲ್ಲ, ಸಾಚಾ. ಹದಿಹರೆಯದಿಂದ ಜೊತೆಗಿದ್ದ ಕೆನಡಾದ ಇಬ್ಬರು ಗೆಳೆಯರು ಮುಪ್ಪಿನ ಅಂಚಿನಲ್ಲೂ ಹೆವಿ ಮೆಟಲ್ ಬಿಡದೆ, ಹೊಟ್ಟೆಪಾಡಿಗೆ ಬೇರೆ ಕೂಲಿ ಮಾಡುತ್ತ ಯೂರೋಪಿನಲ್ಲಿ ಖಾಲಿ ಸಭಾಂಗಣಗಳಿಗೆ ನುಡಿಸುತ್ತಾರೆ. ಅವರಲ್ಲಿ ಡ್ರಮ್ ಬಾರಿಸುವವರ ಹೆಸರೂ, ವಿಧಿಯ ಹಾಸ್ಯವೆಂಬಂತೆ, ರಾಬ್ ರೀನರ್! ಕಲ್ಪಿತ ಸ್ಪೈನಲ್ ಟ್ಯಾಪ್ ಕೊನೆಗೆ ಜಪಾನಿನಲ್ಲಿ ಜನಮನ್ನಣೆ ಪಡೆಯುತ್ತದೆ. ನಿಜವಾದ ಆನ್ವಿಲ್ಲಿನ ಚಿತ್ರವೂ ಜಪಾನಿನಲ್ಲೇ ಮುಗಿಯುತ್ತದೆ. ಬೆಳಗಿನ ಹೊತ್ತಿನ ಕಾರ್ಯಕ್ರಮಕ್ಕೆ ಯಾರು ಬಂದಾರೆಂದು ಅಂಜಿಕೊಂಡು ರಂಗಕ್ಕೆ ಬಂದವರ ಮುಂದೆ ತುಂಬಿದ ಸಭೆ ಇತ್ತು.

ಲೆಕ್ಕದ ವಿಷಯವನ್ನೂ ಹೇಳಬೇಕು. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ ಸೇರಿಸಿತು. ಕಲ್ಪಿತ ವೃಂದ ನಿಜವಾದ ಕಛೇರಿಗಳನ್ನು ನಡೆಸಿತು, 1992ರಲ್ಲಿ ನಿಜವಾದ ಮುದ್ರಿಕೆಯನ್ನು ಹೊರತಂದಿತು. ಆದರೂ 2016ರಲ್ಲಿ ಹ್ಯಾರಿ ಶಿಯರರ್ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1984ರಿಂದ 2006ರವರೆಗಿನ ಸರಕುಮಾರಾಟದಲ್ಲಿ ನಾಲ್ವರು ಸೃಷ್ಟಿಕರ್ತರ ಪಾಲಿಗೆ ಒಟ್ಟು ಬಂದದ್ದು 81 ಡಾಲರ್ ಎಂದೂ, 1989ರಿಂದ 2006ರವರೆಗಿನ ಸಂಗೀತದ ಮಾರಾಟದಲ್ಲಿ 98 ಡಾಲರ್ ಎಂದೂ ತಮಗೆ ಲೆಕ್ಕ ತೋರಿಸಲಾಗಿದೆ ಎಂಬುದು ಅವರ ದೂರು. ಉಳಿದ ಮೂವರೂ ಜೊತೆಗೂಡಿದರು; ವ್ಯಾಜ್ಯ 2020ರಲ್ಲಿ ರಾಜಿಯಲ್ಲಿ ಮುಗಿಯಿತು. ಸುಳ್ಳು ವೃಂದದ ಬಗ್ಗೆ ನಿಜವಾಗಿ ನಕ್ಕವರು ಲಕ್ಷಾಂತರ ಮಂದಿ. ಬರೆದಿಟ್ಟ ಲೆಕ್ಕದಲ್ಲಿ 81 ಡಾಲರ್. ಎಣಿಕೆಯಲ್ಲಿ ಬಾರದವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ನನ್ನನ್ನು ಅಂದಿನಿಂದ ಕಾಡುತ್ತಿದೆ.

ಈಗ ನಿದ್ದೆಗೆಡಿಸಿದ ವಿಷಯಕ್ಕೆ ಬರುತ್ತೇನೆ. ಕಾರ್ಯಕ್ರಮಗಳು ಸಣ್ಣ ಸಣ್ಣ ಜಾಗಗಳಿಗೆ ಇಳಿಯುತ್ತಿವೆ, ಇವರ ಜನಪ್ರಿಯತೆ ಕುಗ್ಗುತ್ತಿದೆಯೇ ಎಂದು ಡಿಬರ್ಗಿ ಕೇಳುತ್ತಾನೆ. ಇಲ್ಲವೇ ಇಲ್ಲ, ಇವರತ್ತ ಒಲಿಯುವವರು ಈಗ ಹೆಚ್ಚು ಆಯ್ದವರಾಗಿದ್ದಾರೆ ಎಂಬರ್ಥದ ಉತ್ತರವನ್ನು ವ್ಯವಸ್ಥಾಪಕ ಕೊಡುತ್ತಾನೆ. ಕತ್ತಲಲ್ಲಿ ಎಲ್ಲರೂ ನಕ್ಕಾಗ ನಾನೊಬ್ಬ ನಗಲಿಲ್ಲ. ಏಕೆಂದರೆ ಆ ವಾಕ್ಯವನ್ನು ನಾನು ಬರೆದಿದ್ದೇನೆ.

2019ರ ರಾಜ್ಯೋತ್ಸವಕ್ಕೆ ನಾಲ್ಕುನೂರು ಆಸನಗಳ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಪೌರಾಣಿಕ ನಾಟಕವನ್ನು ಆಡಿದ್ದು ತಮಗೆ ನೆನಪಿರಬಹುದು. ಆಗ ನಾನು ಕಾರ್ಯದರ್ಶಿ. ದುರ್ಯೋಧನನ ಪಾತ್ರದ ಹಿರಿಯರು ಒಂದೂವರೆ ಗಂಟೆ ಬಣ್ಣಕ್ಕೆ ಕುಳಿತು, ಕಿರೀಟ ಇಟ್ಟುಕೊಂಡು, ಪರದೆಯ ಹಿಂದಿನಿಂದ “ಎಷ್ಟು ಜನ ಬಂದಿದ್ದಾರೆ?” ಎಂದು ಕೇಳಿದರು. “ತುಂಬಿದೆ ಸಾರ್” ಎಂದೆ. ದೀಪದ ಪ್ರಖರತೆಯಲ್ಲಿ ಅವರಿಗೆ ಸಭೆ ಕಾಣಲಾರದೆಂಬ ಧೈರ್ಯ ನನ್ನದು. ಅವರು ಒಂದು ಮಾತನ್ನೂ ಕತ್ತರಿಸದೆ, ಒಂದು ಪದ್ಯವನ್ನೂ ಬಿಡದೆ ಎರಡೂವರೆ ಗಂಟೆ ಆಡಿದರು. ವಾರ್ಷಿಕ ವರದಿಯಲ್ಲಿ ನಾನು ಬರೆದದ್ದು: “ಆಯ್ದ ರಸಿಕರ ಸಮ್ಮುಖದಲ್ಲಿ ನಾಟಕವು ಅತ್ಯಂತ ಯಶಸ್ವಿಯಾಗಿ ಜರುಗಿತು.”

ವರದಿ ಓದಿದ ಹಿರಿಯರು ನನ್ನನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಮೆಲ್ಲಗೆ ಹೇಳಿದರು: “ಕಾರ್ಯದರ್ಶಿಗಳೇ, ಬಂದಿದ್ದವರು ಮೂವತ್ತೊಂದು ಜನ. ಗದಾಯುದ್ಧದ ಮೊದಲು ನಾನೇ ಎಣಿಸಿದ್ದೆ. ಅದರಲ್ಲಿ ಇಬ್ಬರು ಎರಡು ರೈಲು ಬದಲಿಸಿ ಬಂದವರು. ಬಾರದ ಮುನ್ನೂರ ಅರವತ್ತೊಂಬತ್ತು ಜನರ ಮಾನ ಕಾಯಲು ಹೋಗಿ, ಬಂದ ಮೂವತ್ತೊಂದು ಜನರನ್ನು ನೀವು ವರದಿಯಿಂದ ತೆಗೆದುಹಾಕಿದಿರಲ್ಲ.”

ಬಂಧುಗಳೇ, ನಾನು ಹಾಕಿದ್ದ ಹನ್ನೊಂದರ ಅಂಕಿಯೂ ಅದೇ, ಹದಿನೆಂಟು ಅಂಗುಲದ ಕಲ್ಲೂ ಅದೇ. ಮುಜುಗರವನ್ನು ಮುಚ್ಚಲು ಬರೆದ ವಾಕ್ಯ, ಕಷ್ಟಪಟ್ಟು ಬಂದವರನ್ನೇ ಇಲ್ಲವಾಗಿಸಿತ್ತು. ಐದು ವರ್ಷ ನನ್ನ ವರದಿಗಳೆಲ್ಲ ಅದೇ ಭಾಷೆಯಲ್ಲಿದ್ದವು. ಆದ್ದರಿಂದಲೇ ಸಂಘ ಕುಗ್ಗುತ್ತಿದೆಯೆಂಬ ಮಾತು ಒಮ್ಮೆಯೂ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಬರಲಿಲ್ಲ. ದಾಖಲೆಯಲ್ಲಿ ಎಲ್ಲವೂ ಯಶಸ್ವಿಯಾಗಿರುವಾಗ ಚರ್ಚಿಸುವುದಾದರೂ ಏನನ್ನು?

ಈ ಚಿತ್ರ ನಗುವುದು ಸೋತವರನ್ನು ಕಂಡಲ್ಲ ಎಂಬುದು ನನ್ನ ಅಭಿಪ್ರಾಯ. ಸೋಲನ್ನು ಒಪ್ಪದ ಠೀವಿಯನ್ನು ಕಂಡು ಅದು ನಗುತ್ತದೆ. ಕೊನೆಯ ಭಾಗದಲ್ಲಿ, ಮುನಿದು ಹೋಗಿದ್ದ ನೈಜೆಲ್ ಮರಳಿ ಬಂದು ರಂಗದ ಬದಿಯಲ್ಲಿ ನಿಲ್ಲುತ್ತಾನೆ. ಬಾಲ್ಯದ ಗೆಳೆಯ ಡೇವಿಡ್ ಅವನನ್ನು ಒಳಗೆ ಕರೆಯುತ್ತಾನೆ. ಅಲ್ಲಿ ಯಾವ ಅಣಕವೂ ಇಲ್ಲ. ಇಷ್ಟು ಪೆದ್ದುತನದ ನಡುವೆಯೂ ಆ ಇಬ್ಬರಿಗೆ ಜೊತೆಯಾಗಿ ನುಡಿಸುವುದು ಬೇಕಿತ್ತು. ಆ ನಟರು 2025ರಲ್ಲಿ, ನಲವತ್ತೊಂದು ವರ್ಷಗಳ ಬಳಿಕ, ಚಿತ್ರದ ಮುಂದುವರಿದ ಭಾಗಕ್ಕಾಗಿ ಮತ್ತೆ ಅದೇ ವೇಷ ತೊಟ್ಟರು.

ಮುಂದಿನ ತಿಂಗಳ ಸರ್ವಸದಸ್ಯರ ಸಭೆಗೆ ನಾನು ಎರಡು ಗೊತ್ತುವಳಿಗಳ ಸೂಚನೆ ಕೊಟ್ಟಿದ್ದೇನೆ. ಒಂದು, ಇನ್ನು ಮುಂದೆ ಪ್ರತಿ ಕಾರ್ಯಕ್ರಮದ ವರದಿಯಲ್ಲಿ ಹಾಜರಿದ್ದವರ ಸಂಖ್ಯೆಯನ್ನು ಅಂಕಿಯಲ್ಲೇ ಬರೆಯಬೇಕು. ಎರಡು, ದೊಡ್ಡ ಸಭಾಂಗಣದ ಬಾಡಿಗೆಯನ್ನು ಉಳಿಸಿ, ನಾವೀಗ ಕುಳಿತಿರುವ ಈ ಕೋಣೆಯಲ್ಲೇ ಐವತ್ತು ಕುರ್ಚಿ ಹಾಕಿ ನಾಟಕ ಆಡಬೇಕು. ಇದು ಸೋಲಿನ ಒಪ್ಪಿಗೆಯೆಂದು ಕೆಲವರು ಆಕ್ಷೇಪಿಸಿದ್ದಾರೆ. ಅವರ ನೋವು ನನ್ನದೂ ಹೌದು. ಆದರೆ ಅಳತೆಯನ್ನು ಸರಿಯಾಗಿ ಬರೆದುಕೊಳ್ಳದೆ ಯಾವ ಕಲ್ಲನ್ನೂ ನಿಲ್ಲಿಸಲಾಗದು.

ದುರ್ಯೋಧನ ಪಾತ್ರಧಾರಿಗಳು ಇಂದು ಮುಂದಿನ ಸಾಲಿನಲ್ಲಿದ್ದಾರೆ. ಹೆಸರು ಹೇಳಕೂಡದೆಂಬುದು ಅವರ ಆಜ್ಞೆ. ಈ ವರ್ಷವೂ ಆಡುತ್ತೇನೆ ಎಂದಿದ್ದಾರೆ. ಚಿತ್ರ ತೋರಿಸಿದ ಯುವಕರಲ್ಲಿ ಇಬ್ಬರು ಗಿಟಾರ್ ಹಿಡಿದು ಹಿನ್ನೆಲೆಗೆ ಕೂರಲು ಸಿದ್ಧರಂತೆ. ಗದಾಯುದ್ಧಕ್ಕೆ ಅದು ಒಗ್ಗೀತೋ ಎಂದು ನಾನು ಅನುಮಾನಿಸಿದಾಗ ಹಿರಿಯರು, “ಸದ್ದು ಎಷ್ಟಾದರೂ ಮಾಡಲಿ, ನನ್ನ ಮಾತು ಮುಗಿಯುವವರೆಗೆ ಕಾದರೆ ಸಾಕು” ಎಂದರು.

ಅಧ್ಯಕ್ಷರೇ, ಈ ಸಭೆಯ ವರದಿಗಾಗಿ ನಾನು ಬಾಗಿಲಲ್ಲಿ ನಿಂತು ಎಣಿಸಿದ್ದೇನೆ. ನಾವಿಂದು ಇಲ್ಲಿ ಇಪ್ಪತ್ತಾರು ಜನರಿದ್ದೇವೆ. ಇಪ್ಪತ್ತಾರು ಮಂದಿಗೂ ನನ್ನ ವಂದನೆಗಳು.