ಮೃಗಶಿರಕ್ಕೆ ಇನ್ನೂ ದಿನವಿದೆ



2022ರ ಡಿಸೆಂಬರ್‌ನಲ್ಲಿ ಬಂದ ಎಳ್ಳ ಅಮಾವಾಸ್ಯೆಯ ದಿನ. ಅಫಜಲಪುರ ತಾಲ್ಲೂಕಿನ ಗೆಳೆಯರೊಬ್ಬರ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ, ಬುತ್ತಿಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಯಾರ ಗಂಟಲಲ್ಲೂ ತುತ್ತು ಸರಾಗವಾಗಿ ಇಳಿಯಲಿಲ್ಲ. ಎದುರಿಗೆ ತೊಗರಿ ನಿಂತಲ್ಲೇ ಒಣಗಿತ್ತು. ಕಾಯಿ ತುಂಬುವ ಹೊತ್ತಿಗೆ ನೆಟೆ ರೋಗ ಹತ್ತಿತ್ತು. ಆ ವರ್ಷ ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಕಡೆಯೂ ಇದೇ ಗೋಳು. ಬುತ್ತಿ ಬಿಚ್ಚಿದಲ್ಲಿ ಗೆಳೆಯರ ಮಗಳೂ ಕೂತಿದ್ದಳು. ಎರಡು ಸಲ ನೀಟ್ ಬರೆದು, ಮೂರನೆಯ ಸಲಕ್ಕೆ ಪುಸ್ತಕ ಹಿಡಿದಿದ್ದ ಹುಡುಗಿ. ಆಕೆ ಇಡೀ ದಿನ ಹತ್ತು ಮಾತೂ ಆಡಿರಲಿಕ್ಕಿಲ್ಲ.

ಗೆಳೆಯರು ಒಂದು ಗಿಡ ಕಿತ್ತು, ಕಾಂಡ ಸೀಳಿ ತೋರಿಸಿದರು. ಒಳಗೆ ಕಪ್ಪು ಗೆರೆ. "ನಾಕು ವರ್ಷ ಆತು ನೋಡ್ರಿ ಸರ್, ಇದೇ ಹೊಲದಾಗ ತೊಗರಿ ಮ್ಯಾಲ ತೊಗರಿ ಬಿತ್ತೀನಿ. ರೇಟ್ ಇತ್ತು, ಆಸೆ ಆತು. ನಡುವ ಒಂದ್ ವರ್ಷ ಜ್ವಾಳಾ ಹಾಕಬೇಕಾಗಿತ್ತು. ಭೂಮಿ ಬ್ಯಾಡ ಅಂತು, ನಾ ಕೇಳಲಿಲ್ಲ" ಎಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನೆಟೆ ರೋಗ ತರುವುದು ಫ್ಯುಸೇರಿಯಮ್ ಎಂಬ ಶಿಲೀಂಧ್ರ. ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡ ನೀರಡಿಸಿ ಸಾಯುತ್ತದೆ. ಬೆಳೆ ಕೊಯ್ದ ಮೇಲೂ ಉಳಿದ ಬೇರು, ಕೂಳೆಗಳಲ್ಲಿ ಅದು ಎರಡು ಮೂರು ವರ್ಷ ಜೀವ ಹಿಡಿದು ಕಾದಿರುತ್ತದೆ. ಮತ್ತೆ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಮತ್ತೆ ಊಟ. ಜೋಳ ಬಿತ್ತಿದರೆ ಶಿಲೀಂಧ್ರದ ಬಲ ಕುಂದುತ್ತದೆ. ನಮ್ಮ ಹಿರಿಯರಿಗೆ ಶಿಲೀಂಧ್ರದ ಹೆಸರು ಗೊತ್ತಿರಲಿಲ್ಲ, ಬೆಳೆ ಬದಲಿಸುವುದು ಗೊತ್ತಿತ್ತು. ತೊಗರಿ ಉದುರಿಸಿದ ಎಲೆ, ಅದರ ಬೇರಿನ ಗಂಟು ಮಣ್ಣಿಗೆ ಸಾರಜನಕ ಬಿಟ್ಟುಹೋಗುತ್ತವೆ, ಮುಂದಿನ ಜೋಳ ಅದನ್ನು ಉಂಡು ಬೆಳೆಯುತ್ತದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ತೊಗರಿಯ ಕಣಜ ಎಂಬ ಹೆಸರು ನಮಗೆ ಅಭಿಮಾನದ್ದೇ. ಆದರೂ ಅದೇ ತೊಗರಿಯನ್ನು ಅದೇ ಹೊಲಕ್ಕೆ ಪ್ರತಿ ವರ್ಷ ಹೇರಲಾಗದು.

ಬೆಳೆ ಬದಲಿಸಿದ ರೈತನನ್ನು ನಮ್ಮ ಊರಲ್ಲಿ ಯಾರೂ ಸೋತವನು ಅನ್ನುವುದಿಲ್ಲ, ಶ್ಯಾಣ್ಯಾ ಅನ್ನುತ್ತಾರೆ. ಕನಸು ಬದಲಿಸಿದ ಮಕ್ಕಳಿಗೆ ಮಾತ್ರ ಆ ಗೌರವ ಕೊಡಲು ನಮಗೇಕೆ ಇಷ್ಟು ಕಷ್ಟ?

ನನ್ನದೇ ಹೇಳುತ್ತೇನೆ. ನಾನು ತಹಶೀಲ್ದಾರ ಆಗಬೇಕೆಂದು ಹೊರಟವನು. ಚಿಕ್ಕವನಿದ್ದಾಗ ನನ್ನ ಅವ್ವ ಒಂದು ಕಾಗದಕ್ಕಾಗಿ ತಹಶೀಲ್ದಾರ ಕಚೇರಿಯ ಮುಂದೆ ಮುಂಜಾನೆಯಿಂದ ಸಂಜೆಯವರೆಗೆ ಕೂತಿದ್ದನ್ನು ಕಂಡಿದ್ದೆ. ಒಳಗಿನ ಕುರ್ಚಿಯಲ್ಲಿ ಒಂದು ದಿನ ನಾನು ಕೂತಿರಬೇಕು ಎಂದು ಅವತ್ತೇ ಹಟ ಹಿಡಿದೆ. ಮೂರು ಸಲ ಪರೀಕ್ಷೆ ಬರೆದೆ, ಮೂರು ಸಲವೂ ಆಗಲಿಲ್ಲ. ಮಾಸ್ತರನಾದೆ. ಜೇವರ್ಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡುತ್ತಲೇ, ಊರೊಳಗೆ ಸರ್ಕಾರಿ ಜೀಪು ಬಂದಾಗಲೆಲ್ಲ ಎದೆಯೊಳಗೆ ಮುಳ್ಳು ಮುರಿಯುತ್ತಿತ್ತು. ಮಕ್ಕಳ ಮೇಲೆ ಸುಮ್ಮನೆ ರೇಗಿದ್ದೇನೆ. ಆ ಮಕ್ಕಳಿಗೆ ಇವತ್ತು ಈ ಮೈಕಿನ ಮುಂದೆ ಕೂತು ಕ್ಷಮೆ ಕೇಳುತ್ತೇನೆ. ನೆಲದಲ್ಲಿ ಹಸಿ ಇತ್ತು, ನನ್ನ ನಾಳ ಕಟ್ಟಿಕೊಂಡಿತ್ತು.

ಒಂದು ದಿನ ಒಬ್ಬ ಆಯಿ ಶಾಲೆಯ ಬಾಗಿಲಿಗೆ ಬಂದಳು. ಪಿಂಚಣಿಗೆ ಅರ್ಜಿ ಬರೆಸಬೇಕಿತ್ತು. ಬರೆದೆ, ಓದಿ ಹೇಳಿದೆ, ಹೆಬ್ಬೆಟ್ಟು ಒತ್ತಿಸಿದೆ. ಆಕೆ ಹೋದ ಮೇಲೆ ಹೊಳೆಯಿತು: ನನಗೆ ಬೇಕಾಗಿದ್ದುದು ಕುರ್ಚಿ ಅಲ್ಲ, ಅವ್ವ ಅಷ್ಟು ಹೊತ್ತು ಕೂಡಬಾರದಿತ್ತು, ಅಷ್ಟೇ. ನಿವೃತ್ತನಾದ ಮೇಲೂ ರವಿವಾರ ಅಗಸಿ ಕಟ್ಟೆಯ ಮೇಲೆ ಅರ್ಜಿ ಬರೆಯುತ್ತ ಕೂಡುತ್ತೇನೆ. ಮುಳ್ಳು ಪೂರ್ತಿ ಹೋಗಿದೆ ಎಂದು ಹೇಳಲಾರೆ. ಜೀಪು ಕಂಡರೆ ಈಗಲೂ ಒಂದು ಗಳಿಗೆ ನೋಡುತ್ತೇನೆ.

ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರನ್ನು ನಾನು ಹೆಚ್ಚು ನೆನೆಯುವುದು ಇಂಥ ಹೊತ್ತಿನಲ್ಲಿ. ಶ್ರಾವಣದಲ್ಲಿ ಅವರ ಪುರಾಣ ಕೇಳದ ಊರು ನಮ್ಮ ಸೀಮೆಯಲ್ಲಿ ಕಡಿಮೆ. ಅವರು ಒಕ್ಕಲುತನ ಮಾಡಿದವರು. ತೆನೆಗೆ ಬಂದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಕಾಳು ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು ಎಂದು ಪುರಾಣದಲ್ಲಿ ಕೇಳುತ್ತೇವೆ. ಹೊಲ, ಮನೆ, ಮನೆಗೆ ಬಂದವರಿಗೆ ದಾಸೋಹ, ಅವರ ಬದುಕು ಅರಳಗುಂಡಗಿಯಲ್ಲೇ ಮುಗಿಯಬಹುದಿತ್ತು. ಸಂಸಾರದ ಕೊಂಡಿ ಕಳಚಿತು, ಹುಟ್ಟಿದೂರು ಬಿಟ್ಟು ಹೊರಟರು, ಕಲಬುರಗಿಯಲ್ಲಿ ನೆಲೆ ನಿಂತರು. 1822ರಲ್ಲಿ ಅಲ್ಲಿಯೇ ಲಿಂಗೈಕ್ಯರಾದರು. ಇವತ್ತಿಗೂ ಹೋಳಿ ಹುಣ್ಣಿಮೆಯ ಐದನೆಯ ದಿನ ಅಲ್ಲಿ ತೇರು ಎಳೆಯುತ್ತೇವೆ, ಅವರ ಪರುಷ ಬಟ್ಟಲಿಗೆ ಕೈ ಮುಗಿಯುತ್ತೇವೆ. ನನಗೆ ದೊಡ್ಡದಾಗಿ ಕಾಣುವುದು ಆ ತೇರಿಗಿಂತ ಅರಳಗುಂಡಗಿಯ ಸೀಮೆ ದಾಟಿದ ಆ ದಿನ. ಉತ್ತು ಬಿತ್ತಿದ ಹೊಲವನ್ನು ಬೆನ್ನಿಗೆ ಬಿಟ್ಟು ನಡೆಯುವಾಗ ಅವರಿಗೆ ಮುಂದಿನ ದಾಸೋಹ ಯಾವ ಊರಲ್ಲಿ ಎಂದು ಗೊತ್ತಿತ್ತೇ? ಹಕ್ಕಿಗಿಟ್ಟ ಕಾಳು ಮುಂದೆ ಸಾವಿರಾರು ಜನರ ಅನ್ನವಾಯಿತು. ಹೊಲ ಹೋಯಿತು, ನೀಡುವ ಕೈ ಹೋಗಲಿಲ್ಲ.

ಒಂದು ಮಾತನ್ನು ಇಲ್ಲಿ ಬಿಡುವಂತಿಲ್ಲ. ಆಳಂದ ತಾಲ್ಲೂಕಿನ ತಾಂಡಾಗಳಿಂದ ದುಡಿಯಲು ಮುಂಬೈ, ಪುಣೆಗೆ ಹೋಗುವ ತಾಯ್ತಂದೆಯ ಬೆನ್ನಿಗೆ ಶಾಲೆ ಬಿಟ್ಟು ಹೊರಡುವ ಮಗುವಿನ ಕನಸು ಬದಲಾಗುವುದಿಲ್ಲ, ಅದನ್ನು ಕಸಿದುಕೊಳ್ಳಲಾಗುತ್ತದೆ. ಹತ್ತನೆಯ ತರಗತಿ ಮುಗಿಯುವ ಮೊದಲೇ ಮದುವೆಯ ಅಕ್ಕಿಕಾಳು ಬಿದ್ದ ಹುಡುಗಿಯದೂ ಅಷ್ಟೇ. ಅವರಿಗೆ "ಹೊಂದಿಕೊಂಡು ಹೋಗು" ಎನ್ನುವುದು ಪಾಪ. ಬದಲಿಸುವ ಹಕ್ಕು ಇರುವುದು ಮೊದಲು ಬಿತ್ತಲು ಒಂದು ತುಂಡು ನೆಲ ಸಿಕ್ಕವರಿಗೆ. ಆ ನೆಲವನ್ನು ಕೊಡಿಸುವುದು ಹಿರಿಯರಾದ ನಮ್ಮ ಮೇಲಿನ ಸಾಲ.

ಆ ಸಾಲ ಸ್ವಲ್ಪ ತೀರಲು ದಾರಿಯೂ ಆಗಿದೆ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಗೆ ಒಪ್ಪಿಗೆ ಕೊಟ್ಟ ಮೇಲೆ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿನ ಮಕ್ಕಳಿಗೆ ಮೀಸಲಾಯಿತು, ರಾಜ್ಯದ ಉಳಿದೆಡೆ ಶೇ 8ರಷ್ಟು. ಎಷ್ಟೋ ಬಾಗಿಲು ತೆರೆದವು. ನಾವು ತಂದೆ ತಾಯಿಗಳು ಅದರಲ್ಲಿ ಒಂದೇ ಬಾಗಿಲನ್ನು ನೋಡುತ್ತಿದ್ದೇವೆ. ಡಾಕ್ಟರ್, ಇಲ್ಲವೆಂದರೆ ಮತ್ತೊಂದು ವರ್ಷ ಓದಿ ಡಾಕ್ಟರ್. 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ದೇಶದ ಬೇರೆ ಬೇರೆ ಕಡೆಯ ಮಕ್ಕಳು ಬಂದು ಅಲ್ಲಿ ಭೂವಿಜ್ಞಾನ, ಮನಃಶಾಸ್ತ್ರ ಓದುತ್ತಾರೆ. ಅದೇ ದಾರಿಯ ಬಸ್ಸಿನಲ್ಲಿ ನಮ್ಮ ಮಕ್ಕಳು ತಲೆ ತಗ್ಗಿಸಿ ಕೋಚಿಂಗಿಗೆ ಹೋಗುತ್ತಾರೆ. ಡಾಕ್ಟರಾಗುವ ಕನಸು ಕೆಟ್ಟದ್ದಲ್ಲ, ನಮ್ಮ ಹಳ್ಳಿಗಳಿಗೆ ಡಾಕ್ಟರು ಬೇಕೇ ಬೇಕು. ಆದರೆ ಮಗು ಒಳಗೊಳಗೇ ಬಾಡುತ್ತಿರುವಾಗ ಕಾಂಡ ಸೀಳಿ ನೋಡುವ ತನಕ ಕಾಯಬೇಕೇ?

ಮತ್ತೆ ಆ ಎಳ್ಳ ಅಮಾವಾಸ್ಯೆಗೆ ಬರುತ್ತೇನೆ. ಸಂಜೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಬದುವಿನ ಮೇಲೆ ನಡೆದು ಬರುತ್ತಿದ್ದೆವು. ಪಕ್ಕದ ಹೊಲದಲ್ಲಿ ಬಿಳಿ ಜೋಳ ಎದೆಯುದ್ದ ನಿಂತಿತ್ತು. ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಅಲ್ಲಿ ನಿಂತಳು. ತಂದೆಯ ಕೈಯಲ್ಲಿ ಆ ಒಣಗಿದ ಗಿಡ ಇನ್ನೂ ಇತ್ತು.

"ಅಪ್ಪಾ, ನಾ ಮತ್ತ ಅದನ್ನೇ ಬಿತ್ತಂಗಿಲ್ಲ" ಎಂದಳು.

ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತೆ. ಗೆಳೆಯರು ಬಹಳ ಹೊತ್ತು ಗಿಡವನ್ನೇ ನೋಡಿದರು. ಮಗಳು ಡಾಕ್ಟರಾಗುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಅವರ ಗಂಟಲಲ್ಲಿತ್ತು.

"ಮತ್ತ ಏನ್ ಬಿತ್ತತಿ ಯವ್ವಾ?"

"ಇನ್ನಾ ಗೊತ್ತಿಲ್ಲಪ್ಪಾ."

ಅವರು ಗಿಡವನ್ನು ಬದುವಿನಾಚೆ ಎಸೆದು, ಮಗಳ ತಲೆಯ ಮೇಲಿನ ಬುತ್ತಿ ಗಂಟನ್ನು ತಾವು ತೆಗೆದುಕೊಂಡರು. "ಆಗ್ಲಿ, ನಡಿ. ಮೃಗಶಿರಕ್ಕ ಇನ್ನಾ ಭಾಳ ದಿನ ಅದ."