ಮನಸ್ಸಿಗೆ ತಗಲಿದ ಗಾಯ

(ಪಲ್ಲಡಂನಲ್ಲಿ ಕೂಡಿದ್ದ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ವಾಲ್ಪಾರೈ ಕಡೆಯಿಂದಲೂ ನೀಲಗಿರಿಯ ತೋಟಗಳಿಂದಲೂ ಬಸ್ಸು ಹತ್ತಿ ಇಷ್ಟು ದೂರ ಬಂದಿದ್ದೀರಿ. ಇಲ್ಲಿಯ ಮಗ್ಗಗಳಲ್ಲಿ, ನೂಲಿನ ಗಿರಣಿಗಳಲ್ಲಿ, ಕೋಳಿ ಫಾರಂಗಳಲ್ಲಿ ದುಡಿಯುವ ಮಕ್ಕಳನ್ನು ಕಂಡುಹೋಗಲು ಬಂದವರೇ ಹೆಚ್ಚೆಂದು ನಮಗೆ ಗೊತ್ತು. ಭಾಷಣವೇನಿದ್ದರೂ ಅದರ ಜೊತೆಗಿನ ಕೆಲಸ. ಆದಕಾರಣ ವಿಷಯಕ್ಕೆ ನೇರವಾಗಿ ಬರುತ್ತೇವೆ.

ಸೊಪ್ಪು ಕತ್ತರಿಸುವಾಗ ಬೆರಳು ಕುಯ್ದರೆ ತೋಟದ ಡಿಸ್ಪೆನ್ಸರಿಗೆ ಓಡುತ್ತೇವೆ. ಯಾರೂ ನಾಚಿಕೆಪಡುವುದಿಲ್ಲ. ಮನಸ್ಸಿಗೆ ಪೆಟ್ಟು ಬಿದ್ದರೆ ಮಾತ್ರ ಮನೆಯ ಬಾಗಿಲು ಹಾಕಿಕೊಳ್ಳುತ್ತೇವೆ. ಯಾಕೆ? ಆ ಗಾಯ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ.

ವಾಲ್ಪಾರೈಯವರಿಗೆ ಆನೆಯ ವಿಷಯ ಹೇಳಿಕೊಡಬೇಕಾಗಿಲ್ಲ. ಅಕ್ಕಿಯ ವಾಸನೆ ಹಿಡಿದು ಬಂದು ರಾತ್ರಿ ರೇಷನ್ ಅಂಗಡಿಯ ಗೋಡೆ ಒಡೆಯುತ್ತದೆ, ಲೈನ್ ಮನೆಯ ಅಡಿಗೆಕೋಣೆಗೂ ಸೊಂಡಿಲು ಹಾಕುತ್ತದೆ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರ ಪ್ರಯತ್ನದಿಂದ ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳನ್ನು ನಿಲ್ಲಿಸಿರುವುದನ್ನು ನೀವೇ ನೋಡಿದ್ದೀರಿ. ಹತ್ತಿರದಲ್ಲಿ ಆನೆಯಿದ್ದರೆ ಮೊಬೈಲ್ ಫೋನಿನಿಂದ ಕರೆಮಾಡಿ ದೀಪ ಹೊತ್ತಿಸುತ್ತಾರೆ. ಆನೆ ದಾಟಿಹೋದ ಮೇಲೆ ಆರಿಸುತ್ತಾರೆ.

ನಮ್ಮ ತಲೆಯೊಳಗೂ ಅಂಥದೊಂದು ದೀಪವಿದೆ ಎಂದುಕೊಳ್ಳಿ. ಅಪಾಯ ಎದುರಾದಾಗ ಅದು ಹೊತ್ತುತ್ತದೆ, ಎದೆಯ ಬಡಿತ ಏರುತ್ತದೆ, ಓಡಲು ಕಾಲಿಗೆ ಬಲ ಬರುತ್ತದೆ. ಜೀವ ಉಳಿಸುವ ಏರ್ಪಾಡು ಅದು. ಆದರೆ ಕೆಲವು ಪೆಟ್ಟುಗಳು ಎಷ್ಟು ಘೋರವೆಂದರೆ, ಆನೆ ಹೋಗಿ ಆರು ತಿಂಗಳಾದರೂ ದೀಪ ಆರುವುದಿಲ್ಲ. ಪಾತ್ರೆ ಬಿದ್ದರೂ ಬೆಚ್ಚಿಬೀಳುತ್ತಾರೆ. ಕಣ್ಣು ಮುಚ್ಚಿದರೆ ಅದೇ ಕನಸು. ಹಗಲಿನಲ್ಲೂ ಅದೇ ದೃಶ್ಯ ಈಗ ತಾನೇ ನಡೆಯುತ್ತಿರುವಂತೆ ಕಣ್ಣೆದುರಿಗೆ ಬರುತ್ತದೆ. ಆ ದಾರಿಯಲ್ಲಿ ಕಾಲಿಡುವುದಿಲ್ಲ, ಆ ಮಾತು ಎತ್ತಿದರೆ ಎದ್ದುಹೋಗುತ್ತಾರೆ. ಕೆಲವರಿಗೆ ಅಳುವೇ ಬರುವುದಿಲ್ಲ, ಹೆತ್ತ ಮಗುವನ್ನು ಎತ್ತಿಕೊಂಡರೂ ಮರದ ಹಾಗೆ ಇರುತ್ತಾರೆ. ಗಂಡಸರು ಹಲವರು ನಿದ್ರೆಗೆಂದು ಕುಡಿತ ಹಿಡಿಯುತ್ತಾರೆ. ಆಮೇಲೆ ಊರಿಗೆ ಕಾಣುವುದು ಕುಡಿತ ಮಾತ್ರ.

ಚಿರತೆಗೆ ಮಗುವನ್ನು ಕಳಕೊಂಡ ತಾಯಿ, ಮಣ್ಣು ಕುಸಿದ ರಾತ್ರಿ ಮನೆಯಿಂದ ತಪ್ಪಿಸಿಕೊಂಡವನು, ದಿನಾ ಗಂಡನ ಹೊಡೆತ ತಿನ್ನುವ ಹೆಂಗಸು, ಯಂತ್ರಕ್ಕೆ ಜೊತೆಯವಳ ಕೈ ಸಿಕ್ಕಿದ್ದನ್ನು ಕಂಡ ಹುಡುಗಿ, ಇವರಲ್ಲಿ ಯಾರಿಗಾದರೂ ಹೀಗಾಗಬಹುದು. ಎಲ್ಲರಿಗೂ ಆಗುವುದಿಲ್ಲ. ಮೊದಲ ಕೆಲವು ವಾರ ನಿದ್ರೆ ಕೆಡುವುದು ಸಹಜ, ಬಹಳ ಜನರಿಗೆ ತಾನಾಗಿಯೇ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದೆ, ಕೆಲಸ, ಊಟ, ಸಂಸಾರ ಕೆಡುತ್ತಾ ಬಂದರೆ ಅದಕ್ಕೆ ಚಿಕಿತ್ಸೆ ಬೇಕು.

ಇಲ್ಲಿಯ ಗಿರಣಿಗಳ ವಿಷಯಕ್ಕೂ ಒಂದು ಮಾತು. ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಕಡೆಯ ನೂಲಿನ ಗಿರಣಿಗಳಲ್ಲಿ ಮೂರು ವರ್ಷ ದುಡಿದರೆ ಮದುವೆಗೆ ಒಂದು ಮೊತ್ತ ಕೊಡುತ್ತೇವೆಂದು ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದ ‘ಸುಮಂಗಲಿ’ ಪದ್ಧತಿಯ ಬಗ್ಗೆ 2011ರ ಸುಮಾರಿಗೆ ಹೊರದೇಶಗಳಲ್ಲೂ ವರದಿಗಳು ಬಂದವು. ಹಾಸ್ಟೆಲಿನ ಗೇಟು ದಾಟಲು ಬಿಡದ, ರಾತ್ರಿ ಪಾಳಿಯಲ್ಲಿ ಹದಿನಾರರ ಮಕ್ಕಳನ್ನು ನಿಲ್ಲಿಸಿದ ಸಂಗತಿಗಳು ಅವುಗಳಲ್ಲಿದ್ದವು. ಅಂಥ ಒಂದು ಗಿರಣಿಯಿಂದ ಮನೆಗೆ ಮರಳಿದ ಹುಡುಗಿಯೊಬ್ಬಳನ್ನು ನಾವು ಬಲ್ಲೆವು. ಊರು ಹೆಸರು ಬೇಡ. ಬಂದವಳು ಮಾತೇ ಆಡಲಿಲ್ಲ. ಶಿಳ್ಳೆಯ ಸದ್ದು ಕೇಳಿದರೆ ಮೂಲೆಗೆ ಸೇರುತ್ತಿದ್ದಳು. ಗಾಳಿ ಸೋಂಕಿದೆ ಎಂದರು ಕೆಲವರು. ಕೆಲಸಗಳ್ಳಿ ಎಂದರು ಕೆಲವರು. ಪ್ರಾರ್ಥನೆ ಸಾಲದು, ನಂಬಿಕೆ ಕಡಿಮೆ ಎಂದವರೂ ಉಂಟು. ಈ ಕೊನೆಯ ಮಾತು ಎಲ್ಲಕ್ಕಿಂತ ಕ್ರೂರವಾದದ್ದೆಂದು ನಮಗೆ ತೋರುತ್ತದೆ, ಏಕೆಂದರೆ ಗಾಯಗೊಂಡವಳ ಮೇಲೆಯೇ ಅದು ತಪ್ಪು ಹೊರಿಸುತ್ತದೆ.

ಎಲೀಯನ ಸಂಗತಿ ನಿಮಗೆ ತಿಳಿದದ್ದೇ. ಪ್ರಾಣಭಯದಿಂದ ಅಡವಿಗೆ ಓಡಿಹೋಗಿ, ಗಿಡದ ಕೆಳಗೆ ಕೂತು ಸಾವನ್ನೇ ಬೇಡಿದ. ಆ ಪ್ರವಾದಿಗೆ ಮೊದಲು ಸಿಕ್ಕಿದ್ದು ಗದರಿಕೆಯಲ್ಲ. ನಿದ್ರೆ, ರೊಟ್ಟಿ, ನೀರು. ಪ್ರಾರ್ಥಿಸಬೇಡಿ ಎಂದು ನಾವು ಹೇಳುತ್ತಿಲ್ಲ. ವೈದ್ಯರ ಬಳಿಗೂ ಹೋಗಿ ಎಂದೇ ಹೇಳುತ್ತಿದ್ದೇವೆ.

ಹೋಗದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದುಃಖದ ಸಾಕ್ಷಿ ಇದೆ. ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು, ಮನೋರೋಗಿಗಳನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಹತ್ತಿತು. ಸರಪಳಿಯಿಂದ ಬಿಗಿದಿದ್ದವರು ಎದ್ದು ಓಡಲಾರದೆ ಹೋದರು. 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದವರು ಕಟುಕರಲ್ಲ, ಬೇರೆ ದಾರಿ ಕಾಣದ ತಂದೆತಾಯಿಗಳು, ಅಣ್ಣತಮ್ಮಂದಿರು. ಈಗ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ.

ಚಿಕಿತ್ಸೆ ಅಂದರೆ ಕರೆಂಟು ಕೊಡುತ್ತಾರೆ, ಹುಚ್ಚಾಸ್ಪತ್ರೆಗೆ ಹಾಕುತ್ತಾರೆ ಎಂಬ ಭಯ ನಮ್ಮ ಜನರಲ್ಲಿದೆ. ನಾವು ಹೇಳುತ್ತಿರುವ ಗಾಯಕ್ಕೆ ಮುಖ್ಯವಾದ ಚಿಕಿತ್ಸೆ ಮಾತು. ತರಬೇತಾದವರೊಬ್ಬರು ಎದುರು ಕೂತುಕೊಳ್ಳುತ್ತಾರೆ. ವಾರಕ್ಕೊಮ್ಮೆ, ಒಂದು ಗಂಟೆಯಷ್ಟು. ಹೇಳಿದ್ದು ಹೊರಗೆ ಹೋಗುವುದಿಲ್ಲ. ಮೊದಲ ದಿನವೇ ಎಲ್ಲವನ್ನೂ ಕೆದಕುವುದಿಲ್ಲ. ಎದೆ ಬಡಿದುಕೊಂಡಾಗ ಉಸಿರನ್ನು ನಿಧಾನಕ್ಕೆ ತರುವುದು, ಕಾಲನ್ನು ನೆಲಕ್ಕೂರಿ ಸುತ್ತ ಇರುವುದನ್ನು ನೋಡಿ ‘ನಾನು ಇಲ್ಲಿದ್ದೇನೆ, ಅದು ಮುಗಿದದ್ದು’ ಎಂದುಕೊಳ್ಳುವುದು, ಇಂಥವನ್ನು ಮೊದಲು ಕಲಿಸುತ್ತಾರೆ. ಧೈರ್ಯ ಬಂದ ಮೇಲೆ ನಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿಸುತ್ತಾರೆ. ‘ನನ್ನಿಂದಲೇ ಹೀಗಾಯಿತು’ ಎಂಬ ಎಣಿಕೆ ನಿಜವೇ ಎಂದು ಜೊತೆಗೆ ಕೂತು ಪರೀಕ್ಷಿಸುತ್ತಾರೆ. ಹೆದರಿ ಬಿಟ್ಟ ದಾರಿಯಲ್ಲಿ ಮೊದಲು ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು ಹೆಜ್ಜೆ ನಡೆಸುತ್ತಾರೆ. ಅನೇಕರಿಗೆ ಎಂಟರಿಂದ ಹದಿನಾರು ಭೇಟಿಗಳಲ್ಲಿ ಗುಣ ಕಾಣುತ್ತದೆ, ಬಹುಕಾಲ ಹಿಂಸೆ ಉಂಡವರಿಗೆ ಹೆಚ್ಚು ಬೇಕು. ನೆನಪು ಅಳಿಯುವುದಿಲ್ಲ, ದೀಪ ಆರುತ್ತದೆ. ಮಾತ್ರೆ ಕೊಟ್ಟರೆ ಅದು ಹಿಡಿಯಲು ಕೆಲವು ವಾರ ಬೇಕು. ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಎಸೆಯಬೇಡಿ, ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಲೂಬೇಡಿ.

ಇದೆಲ್ಲ ಪಟ್ಟಣದ ಉಳ್ಳವರಿಗೆ ಎಂದೀರಿ. ಹಾಗೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯಲ್ಲೇ ಮನೋರೋಗಕ್ಕೆ ಮದ್ದು ಕೊಡಬಹುದೆಂದು ತೋರಿಸಿದರು. ಆ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಇಲ್ಲಿಂದ ಹತ್ತಿರದ ತಿರುಪ್ಪೂರಿನಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತೆರೆದಿದೆ, ಕೊಯಮತ್ತೂರಿನದು ಹಳೆಯದು. ಹೋಗಲಾಗದವರು 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಅದು. ಹಗಲು ರಾತ್ರಿ ಉಂಟು, ಹಣ ಬೇಡ. ಕನ್ನಡದಲ್ಲೇ ಮಾತಾಡಬೇಕೆಂದು ಕೇಳಿ. ಮಿಲ್ಲಿನಲ್ಲಿ ತಮಿಳು ಎಷ್ಟು ಚೆನ್ನಾಗಿ ಆಡಿದರೂ ಸಂಕಟ ಬರುವುದು ಅಮ್ಮನ ಮಾತಿನಲ್ಲಿ.

ಇನ್ನು ಮನೆಯವರ ಕೆಲಸ. ಏನಾಯಿತು ಹೇಳು ಎಂದು ಪೀಡಿಸಬೇಡಿ, ಹೇಳಹೊರಟರೆ ತಡೆಯಬೇಡಿ. ಹೊತ್ತಿಗೆ ಊಟ, ನಿದ್ರೆ ನೋಡಿಕೊಳ್ಳಿ. ‘ಸತ್ತರೆ ಸಾಕು’ ಎಂದರೆ ನಾಟಕವೆನ್ನಬೇಡಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುವುದುಂಟು. ಕಳೆಗೆ ಹೊಡೆಯುವ ಔಷಧವನ್ನು ಮನೆಯಿಂದ ದೂರ ಇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಾಗುತ್ತದೆಂದು ಹೆದರಬೇಡಿ. ಸಾಯಲು ಯತ್ನಿಸಿದವರು ತೀವ್ರ ಸಂಕಟದಲ್ಲಿದ್ದರೆಂದೇ ಎಣಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯಿದೆ ಹೇಳುತ್ತದೆ.

ಆ ಹುಡುಗಿ ನಾಲ್ಕು ತಿಂಗಳು ಆಸ್ಪತ್ರೆಗೆ ಹೋಗಿಬಂದಳು. ಈಗ ಹೊಲಿಗೆ ಮಾಡುತ್ತಾಳೆ. ಶಿಳ್ಳೆ ಕೇಳಿದರೆ ಇನ್ನೂ ಒಮ್ಮೆ ತಲೆ ಎತ್ತುತ್ತಾಳೆ, ಆಮೇಲೆ ಸೂಜಿಗೆ ದಾರ ಪೋಣಿಸುತ್ತಾಳೆ.

ಒಂದು ದಿನದ ಕೂಲಿ ಹೋಗುತ್ತದೆ, ಆಸ್ಪತ್ರೆಯಲ್ಲಿ ಎಲ್ಲಿ ಚೀಟಿ ಮಾಡಿಸುವುದೋ ತಿಳಿಯದು ಎಂಬ ತೊಡಕು ನಮಗೂ ಗೊತ್ತು. ಜೊತೆಗೆ ಬರಲು ನಮ್ಮಲ್ಲಿ ಇಬ್ಬರು ಸಿದ್ಧರಿದ್ದಾರೆ. ಊಟವಾದ ಮೇಲೆ ಬೇವಿನ ಮರದ ಕೆಳಗೆ ಕೂತಿರುತ್ತೇವೆ. ಎಲ್ಲರೆದುರಿಗೆ ಬರಲು ಸಂಕೋಚವಾದವರು ಕೊನೆಯ ಬಸ್ಸಿಗೆ ಮುಂಚೆ ಯಾವಾಗಲಾದರೂ ಬನ್ನಿ.